ಹುಚ್ಚು ಹಿಡಿದ ದಿನ ಅವಳ ಕೆಲಸ ಯಾರು ಮಾಡಿದರು?

ಹೆಣ್ಣಿನ ಹುಚ್ಚಿಗೆ ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ಈಗ ಒಂದು ಗೌರವದ ಸ್ಥಾನ ಸಿಕ್ಕಿದೆ. ಕಥೆಯೊಳಗಿನ ಹೆಂಗಸಿಗೆ ಬುದ್ಧಿ ಕೆಟ್ಟಿತು ಅಂದರೆ ಅದನ್ನು ಬರೀ ರೋಗವೆಂದು ಓದಬಾರದು, ಮನೆಯೆಂಬ ಸೆರೆಯಲ್ಲಿ ಬಾಯಿ ಸೋತಾಗ ಮೈ ಆಡಿದ ಮಾತು ಎಂದು ಓದಬೇಕು ಎನ್ನುವುದನ್ನು ಸ್ತ್ರೀವಾದಿ ವಿಮರ್ಶೆ ನಮಗೆ ಕಲಿಸಿದೆ. ಕಲಿಸಿದ್ದು ಸರಿಯಾಗಿಯೇ ಇದೆ, ಅದರ ಋಣ ನನ್ನ ಮೇಲೂ ಇದೆ. ಆದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಕೇರಿಗಳನ್ನೂ ಹಟ್ಟಿಗಳನ್ನೂ ಕಣ್ಣ ಮುಂದಿಟ್ಟುಕೊಂಡು ಅದೇ ಹೆಸರಾಂತ ಕಥೆಗಳನ್ನು ಮತ್ತೊಮ್ಮೆ ಓದಲು ಕೂತಾಗ ಒಂದು ಸಣ್ಣ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಅವಳಿಗೆ ಹುಚ್ಚು ಹಿಡಿದ ದಿನ ಅವಳ ಪಾಲಿನ ಕೆಲಸವನ್ನು ಯಾರು ಮಾಡಿದರು? ಒಲೆ ಹಚ್ಚಿದ್ದು ಯಾರು, ಕೂಸಿನ ಬಟ್ಟೆ ಒಗೆದದ್ದು ಯಾರು? ಇದು ತೀರಾ ಒಕ್ಕಲುತನದ ಪ್ರಶ್ನೆ ಅಂತ ಕೆಲವರಿಗೆ ಅನ್ನಿಸಬಹುದು. ದಲಿತ ವಿಮರ್ಶೆ ಅಂತ ಒಂದಿದ್ದರೆ ಅದು ಇಂಥ ಪ್ರಶ್ನೆಗಳನ್ನು ಕೇಳಲು ನಾಚಿಕೊಳ್ಳಬಾರದು ಎನ್ನುವುದು ನನ್ನ ಅನಿಸಿಕೆ.

ಜಗತ್ತಿನಾದ್ಯಂತ ಈ ವಿಷಯಕ್ಕೆ ಮೊದಲು ಎತ್ತಿ ತೋರಿಸುವ ಕಥೆ ಒಂದಿದೆ. ಅಮೆರಿಕದ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಬರೆದ ‘ದಿ ಯೆಲ್ಲೊ ವಾಲ್‌ಪೇಪರ್’. 1892ರಲ್ಲಿ ಅಚ್ಚಾಯಿತು. ಹೆರಿಗೆಯಾಗಿ ಮನಸ್ಸು ಕುಗ್ಗಿದ ಹೆಂಗಸೊಬ್ಬಳನ್ನು ಡಾಕ್ಟರೇ ಆದ ಗಂಡ ಹಳೆಯ ಬಂಗಲೆಯೊಂದಕ್ಕೆ ಕರೆತರುತ್ತಾನೆ. ಮಹಡಿಯ ಕೋಣೆಯಲ್ಲಿ ಮಲಗಿರಬೇಕು, ಬರೆಯಬಾರದು, ಯೋಚಿಸಬಾರದು, ಜನರ ಜೊತೆ ಸೇರಬಾರದು. ಕಿಟಕಿಗೆ ಕಂಬಿ, ನೆಲಕ್ಕೆ ಮೊಳೆ ಹೊಡೆದ ಮಂಚ, ಗೋಡೆಗೆ ಅಂಟಿಸಿದ ಹಳದಿ ಕಾಗದ. ದಿನಾ ಆ ಕಾಗದದ ಚಿತ್ತಾರವನ್ನೇ ನೋಡಿ ನೋಡಿ ಅದರ ಹಿಂದೆ ಒಬ್ಬ ಹೆಂಗಸು ಸಿಕ್ಕಿಹಾಕಿಕೊಂಡಿದ್ದಾಳೆ ಅಂತ ಅವಳಿಗೆ ಕಾಣಲು ಶುರುವಾಗುತ್ತದೆ. ಕೊನೆಗೆ ಕಾಗದವನ್ನೆಲ್ಲ ಹರಿದು, ಆ ಸಿಕ್ಕಿಬಿದ್ದ ಹೆಂಗಸು ತಾನೇ ಆಗಿ, ಎಚ್ಚರ ತಪ್ಪಿ ಬಿದ್ದ ಗಂಡನ ಮೈ ಹತ್ತಿ ದಾಟುತ್ತ ಕೋಣೆಯ ಸುತ್ತ ಅಂಬೆಗಾಲಲ್ಲಿ ತೆವಳುತ್ತಾಳೆ.

ಕಥೆಯ ಹಿಂದೆ ನಿಜವಾದ ಸಂಕಟವಿದೆ. 1885ರಲ್ಲಿ ಮಗಳನ್ನು ಹೆತ್ತ ಮೇಲೆ ಗಿಲ್ಮನ್‌ಗೆ ಮನಸ್ಸಿನ ಕಾಯಿಲೆ ಆಯಿತು. ಆ ಕಾಲದ ಪ್ರಖ್ಯಾತ ನರರೋಗ ವೈದ್ಯ ವೇಯರ್ ಮಿಚೆಲ್ 1887ರಲ್ಲಿ ಅವಳಿಗೆ ಕೊಟ್ಟದ್ದು ‘ವಿಶ್ರಾಂತಿ ಚಿಕಿತ್ಸೆ’. ಮಲಗು, ಉಣ್ಣು, ಪೆನ್ನು ಮುಟ್ಟಬೇಡ. ಇದೇ ಮಿಚೆಲ್ ನರ ದುರ್ಬಲವಾದ ಗಂಡಸರಿಗೆ ಮಾತ್ರ ಪಶ್ಚಿಮದ ಬಯಲಿಗೆ ಹೋಗಿ ಕುದುರೆ ಹತ್ತಿರಿ, ಬೇಟೆಯಾಡಿರಿ ಎನ್ನುತ್ತಿದ್ದ! ಗಿಲ್ಮನ್ ಆ ಚಿಕಿತ್ಸೆಯನ್ನು ಬಿಟ್ಟೆದ್ದು ಕಥೆ ಬರೆದಳು. ಇದು ದೊಡ್ಡ ಕೆಲಸ, ಇದನ್ನು ಯಾರೂ ಅಲ್ಲಗಳೆಯಬೇಕಿಲ್ಲ.

ಚಳ್ಳಕೆರೆಯಲ್ಲಿ ಕೆಲವು ವಿದ್ಯಾರ್ಥಿಗಳ ಜೊತೆ ಈ ಕಥೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಹುಡುಗರು ತಲೆದೂಗಿದರು. ಶೇಂಗಾ ಮಿಲ್ಲಿನಲ್ಲಿ ರಜೆ ದಿನ ಕೂಲಿ ಮಾಡುವ ಒಬ್ಬ ಹುಡುಗಿ ಮಾತ್ರ ಕೇಳಿದಳು: “ಮೇಡಂ, ಈವಮ್ಮ ಅಷ್ಟು ದಿನ ಮಲಿಕ್ಕಂಡ್ರೆ ಕೂಸನ್ನ ಯಾರ್ ನೋಡ್ಕಂಡ್ರು?” ನಾನು ಪುಸ್ತಕ ತಿರುವಿದೆ. ಉತ್ತರ ಅಲ್ಲೇ ಇತ್ತು. ಮೇರಿ ಅಂತ ಒಬ್ಬಳು. ಕೂಸನ್ನು ಅವಳು ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಸದ್ಯ ಅದೊಂದು ಪುಣ್ಯ ಅನ್ನುವ ಹಾಗೆ ಒಂದು ಮಾತು ಬರುತ್ತದೆ, ಅಷ್ಟೇ. ಮೇರಿಗೆ ಮುಖ ಇಲ್ಲ, ಮಾತಿಲ್ಲ, ಊರಿಲ್ಲ. ಮನೆಯ ಉಸ್ತುವಾರಿಗೆ ಗಂಡನ ತಂಗಿ ಜೆನ್ನಿ ಇದ್ದಾಳೆ. ಅಂದರೆ ಒಬ್ಬಳು ಗೋಡೆ ನೋಡುತ್ತ ಹುಚ್ಚಿಯಾಗಲು ಇನ್ನಿಬ್ಬರು ಹೆಂಗಸರು ದುಡಿಯುತ್ತಿದ್ದಾರೆ. ಕಾಗದದ ಹಿಂದಿನ ಹೆಂಗಸನ್ನು ಕಂಡ ಕಣ್ಣಿಗೆ ಬಾಗಿಲ ಹಿಂದಿನ ಮೇರಿ ಕಾಣಲಿಲ್ಲ. ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಕಥೆ ಓದಿದ ಪಂಡಿತರಲ್ಲಿ ಎಷ್ಟು ಜನ ಮೇರಿಯ ಬಳಿ ನಿಂತರೋ!

ಇನ್ನೂ ಒಂದು ಮಾತನ್ನು ಇಲ್ಲಿ ಹೇಳಿಯೇ ಮುಂದೆ ಹೋಗಬೇಕು. ಇದೇ ಗಿಲ್ಮನ್ 1908ರಲ್ಲಿ ಅಮೆರಿಕದ ಸಮಾಜಶಾಸ್ತ್ರ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ತಮ್ಮ ಕಾಲ ಮೇಲೆ ತಾವು ನಿಲ್ಲಲಾರದ ಕರಿಯರನ್ನು ಸೈನ್ಯದ ರೀತಿಯ ಕಡ್ಡಾಯ ದುಡಿಮೆಯ ಪಡೆಗಳಿಗೆ ಸೇರಿಸಬೇಕು ಅಂತ ಸಲಹೆ ಕೊಟ್ಟಳು. ಗುಲಾಮಗಿರಿ ಕಾನೂನಿನಲ್ಲಿ ಮುಗಿದು ನಲವತ್ತಕ್ಕೂ ಹೆಚ್ಚು ವರ್ಷ ಆಗಿತ್ತು. ತನ್ನನ್ನು ಒಂದು ಕೋಣೆಯಲ್ಲಿ ಕೂಡಿದ್ದಕ್ಕೆ ಅಷ್ಟು ಅರ್ಥಪೂರ್ಣವಾಗಿ ಸಿಟ್ಟಾದವಳಿಗೆ ಇನ್ನೊಂದು ಜನಾಂಗವನ್ನೇ ಕೂಡಿಹಾಕುವ ಯೋಜನೆ ಸಹಜವಾಗಿ ಕಂಡಿತು. ಇದರಿಂದ ಕಥೆ ಸುಳ್ಳಾಗುವುದಿಲ್ಲ. ಆದರೆ ಅದು ‘ಹೆಣ್ಣಿನ’ ಕಥೆ ಅನ್ನುವಾಗ ಯಾವ ಹೆಣ್ಣಿನ ಕಥೆ ಅಂತ ಕೇಳುವ ಹಕ್ಕು ನಮಗೆ ಬರುತ್ತದೆ. 1995ರಲ್ಲಿ ಗೋಪಾಲ್ ಗುರು ದಲಿತ ಮಹಿಳೆಯರು ಬೇರೆಯಾಗಿಯೇ ಮಾತಾಡುತ್ತಾರೆ ಅಂತ ಬರೆದಾಗ ಹಲವರು ಮುನಿಸಿಕೊಂಡರು. ಬೇರೆ ಮಾತಾಡುವುದೇಕೆಂದರೆ ಕೋಣೆಯೇ ಬೇರೆ. ಬಹಳ ಸಲ ಕೋಣೆಯೇ ಇಲ್ಲ.

ಬಾಣಂತನದ ವಿಷಯಕ್ಕೇ ಬರೋಣ. ನಮ್ಮಲ್ಲಿ ಇದಕ್ಕೆ ‘ಬಾಣಂತಿ ಸನ್ನಿ’ ಅನ್ನುವ ಮಾತು ಮೊದಲಿನಿಂದ ಇದೆ. ಕನ್ನಡದಲ್ಲಿ ಇದನ್ನು ಮನೆಮನೆಗೆ ಮುಟ್ಟಿಸಿದವರು ತ್ರಿವೇಣಿ. ‘ಶರಪಂಜರ’ ಸಣ್ಣ ಕಥೆಯಲ್ಲ, ಕಾದಂಬರಿ. ಆದರೂ ಈ ಚರ್ಚೆಯಲ್ಲಿ ಅದನ್ನು ಬಿಟ್ಟು ದಾಟಲು ಆಗುವುದಿಲ್ಲ. ಕಾವೇರಿಗೆ ಹೆರಿಗೆಯಾದ ಮೇಲೆ ಬುದ್ಧಿ ಕೆಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಬರುತ್ತಾಳೆ. ಅವಳು ವಾಸಿಯಾಗಿದ್ದಾಳೆ ಅಂತ ಡಾಕ್ಟರು ನಂಬಿದ್ದಾರೆ, ಮನೆ ನಂಬುವುದಿಲ್ಲ. ನಕ್ಕರೂ ಹುಚ್ಚು, ಅತ್ತರೂ ಹುಚ್ಚು. ಆ ಅಪನಂಬಿಕೆಯೇ ಅವಳನ್ನು ಮತ್ತೆ ಹುಚ್ಚಿಯನ್ನಾಗಿಸುತ್ತದೆ. ತ್ರಿವೇಣಿ ಮನಃಶಾಸ್ತ್ರ ಓದಿದವರು, ಹುಚ್ಚಿಗಿಂತ ಹುಚ್ಚಿ ಎಂಬ ಹಣೆಪಟ್ಟಿ ಕ್ರೂರ ಎನ್ನುವುದನ್ನು ಕಂಡು ಬರೆದರು. ಅವರು 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು ಎನ್ನುವುದನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಸಿನಿಮಾ ಮಾಡಿದಾಗ ಕಲ್ಪನಾ ಅವರ ಕಾವೇರಿಯನ್ನು ನೋಡಿ ಟೆಂಟಿನಲ್ಲಿ ಕೂತ ನಮ್ಮ ಕಡೆಯ ಹೆಂಗಸರೂ ಅತ್ತರು.

ನನ್ನವ್ವನೂ ಅತ್ತಿದ್ದಳು. ಅವ್ವ ನನ್ನನ್ನು ಹೆತ್ತ ಹನ್ನೆರಡನೇ ದಿನಕ್ಕೆ ಶೇಂಗಾ ಕೀಳಲು ಹೋದವಳು. ಸೀರೆಯ ಜೋಲಿಯನ್ನು ಹೊಲದ ಬೇವಿನ ಮರಕ್ಕೆ ಕಟ್ಟಿ, ಸಾಲು ಮುಗಿದಾಗೊಮ್ಮೆ ಬಂದು ಹಾಲು ಕುಡಿಸಿ ಮತ್ತೆ ಸಾಲು ಹಿಡಿಯುತ್ತಿದ್ದಳಂತೆ. ನಿನಗೆ ಸನ್ನಿಗಿನ್ನಿ ಏನೂ ಆಗಲಿಲ್ಲವಾ ಅಂತ ಒಮ್ಮೆ ಕೇಳಿದೆ. “ತಲೆ ಗಿಮ್ ಅಂತಿತ್ತು ಕಣವ್ವ. ಕಿವೀಲಿ ಯಾರೋ ಕೂಗ್ದಂಗೆ ಆಗದು. ಬಟ್ಟೆ ಬಿಗಿಯಾಗಿ ಸುತ್ತಿಕಂಡು ಕೀಳ್ತಿದ್ದೆ. ನಿಂತ್ರೆ ಕೂಲಿ ಯಾರ್ ಕೊಡ್ತಾರೆ?” ಈ ನಾಲ್ಕು ಮಾತುಗಳನ್ನು ಯಾವ ಡಾಕ್ಟರೂ ಬರೆದುಕೊಳ್ಳಲಿಲ್ಲ, ಯಾವ ಕಥೆಗಾರನೂ ಬರೆದುಕೊಳ್ಳಲಿಲ್ಲ. ಕಾವೇರಿಯ ಸನ್ನಿಗೆ ಒಂದು ಹೆಸರು ಬಂತು, ಏಕೆಂದರೆ ಅವಳನ್ನು ನಿಂತು ನೋಡುವವರಿದ್ದರು. ಅವ್ವನದನ್ನು ನೋಡಬೇಕಾದವರೆಲ್ಲ ಪಕ್ಕದ ಸಾಲಿನಲ್ಲಿ ಬಗ್ಗಿಕೊಂಡಿದ್ದರು.

ಹಟ್ಟಿಯ ಗುಡಿಸಲು ಇನ್ನೊಂದು ಬಗೆ. ನಮ್ಮ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಬಹುಕಾಲದಿಂದ ಇದೆ. ಕಾಡುಗೊಲ್ಲರು ದಲಿತರಲ್ಲ, ಅವರ ನ್ಯಾಯ ಅನ್ಯಾಯಗಳೇ ಬೇರೆ. ಆದರೂ ಈ ಸಂಚಿಕೆಯಲ್ಲಿ ಈ ಮಾತು ಬರಬೇಕು, ಏಕೆಂದರೆ ‘ಹೊರಗೆ’ ಎನ್ನುವ ಪದ ಇಬ್ಬರಿಗೂ ಒಂದೇ. ಗಿಲ್ಮನ್‌ಳ ನಾಯಕಿಯನ್ನು ಒಳಗೆ ಕೂಡಿದರು, ಇವರನ್ನು ಹೊರಗೆ ಕೂಡಿದರು. ಮಳೆ, ಚಳಿ, ಹಾವು ಚೇಳಿನ ನಡುವೆ ಹಸಿ ಬಾಣಂತಿ ಎಳೆ ಕೂಸಿನ ಜೊತೆ ಇರುವಾಗ ಅವಳ ಮನಸ್ಸಿಗೆ ಏನಾಗುತ್ತದೆ ಎನ್ನುವುದನ್ನು ಹೇಳುವ ಒಂದು ಸಣ್ಣ ಕಥೆ ನನ್ನ ಓದಿಗೆ ಸಿಕ್ಕಿಲ್ಲ. 2017ರಲ್ಲಿ ಬಂದು 2020ರಲ್ಲಿ ಜಾರಿಯಾದ ಮೌಢ್ಯ ನಿಷೇಧ ಕಾನೂನು ಹೀಗೆ ಹೊರಗಿರಿಸುವುದನ್ನು ಅಪರಾಧ ಅನ್ನುತ್ತದೆ. ಕಾನೂನು ಬಂದಷ್ಟು ಬೇಗ ಕಥೆ ಬರಲಿಲ್ಲ ನೋಡಿ. ಈ ಜನದೊಳಗಿಂದಲೇ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಬಂದಳು. ಅಕ್ಷರ ಗೊತ್ತಿಲ್ಲದ ಆ ಮುದುಕಿಯ ನಾಲಗೆಯಲ್ಲಿ ಸಾವಿರಾರು ಹಾಡುಗಳಿದ್ದವು. ಹಾಡನ್ನು ಜಾನಪದ ಅಂತ ಒಂದು ಕಪಾಟಿನಲ್ಲಿಟ್ಟು, ಕಥೆಯನ್ನು ಸಾಹಿತ್ಯ ಅಂತ ಇನ್ನೊಂದರಲ್ಲಿಟ್ಟ ಮೇಲೆ ಇವೆರಡನ್ನೂ ಒಟ್ಟಿಗೆ ಓದುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಇಲ್ಲಿ ಮಾತುಗಳ ಬಗ್ಗೆ ಸ್ವಲ್ಪ ಹೇಳಬೇಕು. ‘ಹುಚ್ಚು’ ಎನ್ನುವ ಒಂದೇ ಪದದಿಂದ ನಮ್ಮ ಊರುಗಳ ಹೆಂಗಸರ ಅವಸ್ಥೆ ತಿಳಿಯುವುದಿಲ್ಲ. ಒಬ್ಬಳಿಗೆ ‘ಗಾಳಿ ಸೋಕೈತೆ’. ಇನ್ನೊಬ್ಬಳ ‘ಮೈಮ್ಯಾಲೆ ಅಮ್ಮ ಬರ್ತಾಳೆ’. ಮತ್ತೊಬ್ಬಳಿಗೆ ‘ಯಾರೋ ಮಾಡಿಸವ್ರೆ’. ‘ತಲೆ ಕೆಟ್ಟೈತೆ’ ಅಂದರೆ ಇನ್ನೂ ಆಸೆ ಇದೆ, ‘ಹುಚ್ಚಿ’ ಅಂದರೆ ಕೈಬಿಟ್ಟರು ಅಂತ ಅರ್ಥ. ಮೈಮೇಲೆ ಅಮ್ಮ ಬಂದಾಗ ಅವಳು ಗಂಡನನ್ನು ಹೆಸರು ಹಿಡಿದು ಬೈಯಬಹುದು, ಊರ ಗೌಡನನ್ನು ಏಕವಚನದಲ್ಲಿ ಕರೆಯಬಹುದು, ಅವರು ಕೈಮುಗಿದು ನಿಲ್ಲಬೇಕು. ಅಂದು ಅವಳಿಗೆ ಕೆಲಸವಿಲ್ಲ. ಮೈಮೇಲೆ ಬರುವುದು ಕೇರಿಯ ಹೆಂಗಸಿಗೆ ಸಿಗುವ ಏಕೈಕ ಸಂಬಳವಿಲ್ಲದ ರಜೆ ಅಂತ ನಾನು ಹಿಂದೊಮ್ಮೆ ಸಭೆಯಲ್ಲಿ ಹೇಳಿದಾಗ ಗೆಳೆಯರು ನಕ್ಕಿದ್ದರು. ನಗುವ ಮಾತಲ್ಲ. ಹಾಗಂತ ಇದನ್ನು ಪ್ರತಿರೋಧ ಅಂತ ಹೊಗಳಿ ಕೂರುವ ವಿದ್ವಾಂಸರ ಜೊತೆಗೂ ನಾನಿಲ್ಲ. ಅಮ್ಮ ಇಳಿದ ಮರುದಿನ ಅದೇ ಗೌಡನ ಹೊಲಕ್ಕೆ ಅವಳು ಕಳೆ ತೆಗೆಯಲು ಹೋಗುತ್ತಾಳೆ. ಗಾಳಿ ಬಿಡಿಸುವ ಹೆಸರಿನಲ್ಲಿ ಬೇವಿನ ಬರಲಿನಿಂದ ಬಡಿಸಿಕೊಂಡ ಮೈಗಳನ್ನು ಕಂಡವರಿಗೆ ಈ ಸಿದ್ಧಾಂತಗಳು ರುಚಿಸುವುದಿಲ್ಲ.

‘ಹುಚ್ಚಿ’ ಪದದ ಇನ್ನೊಂದು ಬಳಕೆಯನ್ನೂ ಕಂಡಿದ್ದೇನೆ. ಸರ್ಕಾರ ಗಂಡನಿಗೆ ಮಂಜೂರು ಮಾಡಿದ್ದ ಜಮೀನು ಯಾರದೋ ಕೈ ಸೇರಿದೆ, ಬಿಡಿಸಿಕೊಡಿ ಅಂತ ಕಚೇರಿಯೊಂದರ ಮೆಟ್ಟಿಲ ಮೇಲೆ ವರ್ಷಗಟ್ಟಲೆ ಕೂತ ಮುದುಕಿ ಒಬ್ಬಳಿದ್ದಳು. ಹಾಗೆ ಕೇಳಲು 1978ರ ಕಾನೂನು ಅವಳಿಗೆ ಹಕ್ಕು ಕೊಟ್ಟಿತ್ತು. ಮೊದಮೊದಲು ಅವಳು ‘ಅರ್ಜಿದಾರಳು’, ಆಮೇಲೆ ‘ಆ ಮುದುಕಿ’, ಕೊನೆಗೆ ‘ಆ ಹುಚ್ಚಿ’. ಕಾಗದವನ್ನು ಮಾತ್ರ ಅವಳು ಕೊನೆಯವರೆಗೂ ತಾರೀಖಿನ ಪ್ರಕಾರ ಜೋಡಿಸಿ ಇಟ್ಟುಕೊಂಡಿದ್ದಳು.

ಮೊಳಕಾಲ್ಮುರಿಗೆ ಅಂಟಿದಂತಿರುವ ಬಳ್ಳಾರಿ ಜಿಲ್ಲೆ ಮನೋರೋಗ ಚಿಕಿತ್ಸೆಯ ಚರಿತ್ರೆಯಲ್ಲಿ ದೊಡ್ಡ ಹೆಸರು. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಅಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸುಗಳಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಮನಸ್ಸಿನ ಕಾಯಿಲೆಗೆ ಮಾತ್ರೆ ಸಿಗುವ ಹಾಗೆ ಮಾಡುವ ಪ್ರಯೋಗ. ‘ಬಳ್ಳಾರಿ ಮಾದರಿ’ ಅಂತ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿಯಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿತು. ಮಾತ್ರೆ ಬೇಕು, ಕಾಯ್ದೆ ಬೇಕು, ಇದರಲ್ಲಿ ಎರಡು ಮಾತಿಲ್ಲ. ಹುಚ್ಚೆಲ್ಲ ರೂಪಕ ಅಂತ ಬರೆಯುವ ವಿಮರ್ಶಕರು ಒಂದು ದಿನ ಹೊರರೋಗಿಗಳ ಸಾಲಿನಲ್ಲಿ ನಿಂತು ಬರಬೇಕು.

ಈಗ ಕನ್ನಡದ ಸಣ್ಣ ಕಥೆಗಳಿಗೆ ಬರುತ್ತೇನೆ. ನಮ್ಮ ಸೀಮೆಗೆ ಬಹಳ ಹತ್ತಿರದ ಕಥೆ ಎಂದರೆ ನವೋದಯದ ಆನಂದರ ‘ನಾನು ಕೊಂದ ಹುಡುಗಿ’. ಹಳ್ಳಿಯ ಶ್ರೀಮಂತರ ಮನೆಗೆ ಅತಿಥಿಯಾಗಿ ಬಂದ ಓದಿದ ಗಂಡಸು. ಆ ಮನೆಯ ಮಗಳು ದೇವರಿಗೆ ಬಿಟ್ಟ ಬಸವಿ. ತನ್ನ ಪಾಲಿಗೆ ಧರ್ಮವೆಂದು ನಂಬಿದ್ದನ್ನು ಮಾಡಲು ಅವಳು ರಾತ್ರಿ ಅವನ ಕೋಣೆಗೆ ಬರುತ್ತಾಳೆ. ಅವನು ಮುಟ್ಟುವುದಿಲ್ಲ, ಬದಲಿಗೆ ಇದು ಪಾಪ, ಇದು ಸೂಳೆಗಾರಿಕೆ ಅಂತ ತಿಳಿಹೇಳುತ್ತಾನೆ. ಅವಳಿಗೆ ತಿಳಿಯುತ್ತದೆ. ತಿಳಿದದ್ದನ್ನು ತಾಳಲಾರದೆ ಬಾವಿಗೆ ಬೀಳುತ್ತಾಳೆ. ಕಥೆಯ ಹೆಸರಿನಲ್ಲೇ ‘ನಾನು’ ಮುಂದೆ ನಿಂತಿದೆ. ಕಥೆಯ ಉದ್ದಕ್ಕೂ ನಾವು ಕೂತು ಕೇಳುವುದು ಆ ‘ನಾನು’ವಿನ ಪಶ್ಚಾತ್ತಾಪವನ್ನು. ಆ ರಾತ್ರಿ ಅವನ ಮಾತು ಕೇಳಿ ಹೊರಬಿದ್ದ ಮೇಲೆ, ಬಾವಿಯ ಕಟ್ಟೆ ಹತ್ತುವವರೆಗೆ ಅವಳ ತಲೆಯಲ್ಲಿ ಏನು ನಡೆಯಿತು? ಹುಚ್ಚು ಅನ್ನುವುದಾದರೆ ಆ ಕೆಲವು ಗಳಿಗೆಗಳನ್ನು ಅನ್ನಬೇಕು. ಕಥೆ ಅಲ್ಲಿಗೆ ಕಾಲಿಡುವುದಿಲ್ಲ. ಕಥೆಗಾರ ಒಳ್ಳೆಯ ಮನಸ್ಸಿನವರು, ಅನುಮಾನವಿಲ್ಲ. ಆದರೆ ಒಳ್ಳೆಯ ಮನಸ್ಸಿನ ಗಂಡಸು ತನ್ನ ಅಪರಾಧವನ್ನು ಎಷ್ಟು ಚೆನ್ನಾಗಿ ಹೇಳಿಕೊಂಡರೂ ಸತ್ತವಳ ಮಾತು ಅದರಿಂದ ಹುಟ್ಟುವುದಿಲ್ಲ.

ಇನ್ನೊಂದು ತೊಡಕೂ ಇದೆ. ಬಸವಿ ಬಿಡುವ ಪದ್ಧತಿ ಚಿತ್ರದುರ್ಗ, ಬಳ್ಳಾರಿ ಭಾಗದಲ್ಲಿ ಹೆಚ್ಚಾಗಿ ಬಿದ್ದದ್ದು ಮಾದಿಗ, ಹೊಲೆಯ, ಬೇಡ ಜನರ ಹೆಣ್ಣುಮಕ್ಕಳ ತಲೆಯ ಮೇಲೆ. 1890ರ ದಶಕದ ಸುಮಾರಿಗೆ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಬಳ್ಳಾರಿ ಸೀಮೆಯ ಬಸವಿಯರ ಬಗ್ಗೆ ಬರೆದ. 1909ರಲ್ಲಿ ಥರ್ಸ್ಟನ್ ತನ್ನ ಜಾತಿ ಸಂಪುಟಗಳಲ್ಲೂ ಅದನ್ನು ಸೇರಿಸಿದ. ಅವರಿಗೆ ವಿಚಿತ್ರವಾಗಿ ಕಂಡದ್ದು ಬಸವಿಗೆ ಮಗನ ಹಕ್ಕು ಇರುವುದು. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು ಬಸವಿ ಬಿಟ್ಟರೆ ಅವಳು ತವರಲ್ಲೇ ಉಳಿಯುತ್ತಾಳೆ, ಅಪ್ಪನ ಆಸ್ತಿಗೆ ಬರುತ್ತಾಳೆ, ಅವನ ಹೆಣಕ್ಕೆ ಸಂಸ್ಕಾರ ಮಾಡುತ್ತಾಳೆ. ಅಂದರೆ ಇದು ಬರೀ ಮೂಢ ಭಕ್ತಿಯ ವಿಷಯ ಆಗಿರಲಿಲ್ಲ. ಮುದಿ ತಂದೆತಾಯಿಗೆ ಅನ್ನ ಹಾಕುವ, ತುಂಡು ಭೂಮಿಯನ್ನು ಮನೆಯಲ್ಲೇ ಉಳಿಸಿಕೊಳ್ಳುವ ಲೆಕ್ಕ ಅದರಲ್ಲಿತ್ತು, ಆ ಲೆಕ್ಕವನ್ನು ಹುಡುಗಿಯ ಮೈಯಿಂದ ತೀರಿಸುತ್ತಿದ್ದರು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಆನಂದರ ನಾಯಕಿಗೆ ತಿಳಿಹೇಳಲು ಪಟ್ಟಣದಿಂದ ಒಬ್ಬ ಬಂದ. ಕೇರಿಯ ಬಸವಿಗೆ ಹಾಗೆ ಬಂದು ತಿಳಿಹೇಳಬೇಕಿರಲಿಲ್ಲ, ತನಗೆ ಏನಾಗುತ್ತಿದೆ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಾವಿಗೆ ಬೀಳದೆ, ಮಕ್ಕಳನ್ನು ಸಾಕಿ, ಮುದುಕಿಯಾದವರು ಸಾವಿರಾರು. ಅವರ ಬಾಳು ಕಥೆಯಾಗಲು ಯಾಕೆ ತಡವಾಯಿತು ಅನ್ನುವುದನ್ನು ಕಥೆಯ ಬಗೆಗಿನ ಪ್ರಶ್ನೆಯಾಗಿಯೇ ಕೇಳಬೇಕು.

ಅನಂತಮೂರ್ತಿಯವರ ‘ಘಟಶ್ರಾದ್ಧ’ದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಒಂದೇ ಮಾತು ಹೇಳುತ್ತೇನೆ. ಬಸುರಿಯಾದ ವಿಧವೆ ಯಮುನಕ್ಕನಿಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಹುಡುಗನ ಕಣ್ಣಿನಲ್ಲಿ ಬರುವ ಆ ಕಥೆಯ ನೋವು ನಿಜ. ಯಮುನಕ್ಕನನ್ನು ನೂಕಿದ ‘ಹೊರಗೆ’ ಅನ್ನುವ ಜಾಗ ಅಗ್ರಹಾರದ ಲೆಕ್ಕದಲ್ಲಿ ಸಾವು. ಅದೇ ಜಾಗ ನಮಗೆ ಹುಟ್ಟಿದೂರಿನ ವಿಳಾಸ. ಅಲ್ಲಿ ಒಲೆ ಉರಿಯುತ್ತದೆ, ಮಕ್ಕಳು ಹುಟ್ಟುತ್ತವೆ, ಜಗಳ ಆಗುತ್ತದೆ. ನವ್ಯದ ಕಥೆಗೆ ಅಗ್ರಹಾರದ ಗಡಿ ಮುಗಿದಲ್ಲಿ ಲೋಕ ಮುಗಿಯಿತು.

ನಾನು ಕ್ಲಾಸಿಕ್ ಅನ್ನುವ ಇನ್ನೊಂದು ಕಥೆ ಅಚ್ಚಿನ ಪುಸ್ತಕಗಳಿಗಿಂತ ಹಳೆಯದು. ಮಾರಿಯ ಕಥೆ. ಎಲ್ಲ ಊರಿನ ಮಾರಮ್ಮನಿಗೂ ಇದೇ ಕಥೆ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ, ಅಲ್ಲಿಯ ಐತಿಹ್ಯಗಳೇ ಬೇರೆ. ಆದರೆ ತೆಂಕಣದ ತುಂಬ ಹರಡಿರುವ ಕಥೆ ಇದು. 1916ರಲ್ಲಿ ಬಿಷಪ್ ವೈಟ್‌ಹೆಡ್ ಗ್ರಾಮದೇವತೆಗಳ ಮೇಲಿನ ಪುಸ್ತಕದಲ್ಲಿ ಇದರ ಒಂದು ಪಾಠವನ್ನು ಕೊಟ್ಟಿದ್ದಾನೆ. ಹೊಲಗೇರಿಯ ಹುಡುಗನೊಬ್ಬ ಜಾತಿ ಮುಚ್ಚಿಟ್ಟು ಬ್ರಾಹ್ಮಣ ಹುಡುಗಿಯನ್ನು ಮದುವೆಯಾಗುತ್ತಾನೆ. ಸಂಸಾರ ನಡೆಯುತ್ತದೆ, ಮಕ್ಕಳಾಗುತ್ತವೆ. ಒಂದು ದಿನ ಅವನ ತಾಯಿ ಮಗನನ್ನು ನೋಡಲು ಬರುತ್ತಾಳೆ. ಸೊಸೆ ಸಿಹಿ ಬಡಿಸುತ್ತಾಳೆ. ಮುದುಕಿ ಚಪ್ಪರಿಸಿ ತಿಂದು, ಆಹಾ, ಸುಟ್ಟ ಎಮ್ಮೆ ನಾಲಗೆಯ ಹಾಗೇ ಇದೆ ಅನ್ನುವ ಅರ್ಥದ ಒಂದು ಮಾತನ್ನು ಮಗನ ಹತ್ತಿರ ಆಡುತ್ತಾಳೆ. ಸೊಸೆ ಕೇಳಿಸಿಕೊಳ್ಳುತ್ತಾಳೆ. ಜಾತಿ ಬಯಲಾಗುತ್ತದೆ. ಅವಳಿಗೆ ಎಲ್ಲಿಲ್ಲದ ರೌದ್ರ ಬಂದು, ಮನೆಗೆ ಬೆಂಕಿ ಬಿದ್ದು, ಅವಳು ಮಾರಿಯಾಗುತ್ತಾಳೆ. ಗಂಡ ಕೋಣನಾಗಿ ಹುಟ್ಟುತ್ತಾನೆ. ಕೆಲವು ಪಾಠಗಳಲ್ಲಿ ಮಕ್ಕಳು ಕುರಿ ಕೋಳಿಗಳಾಗುತ್ತಾರೆ. ಜಾತ್ರೆಯಲ್ಲಿ ಕಡಿಯುವ ಕೋಣ ಆ ಗಂಡನೇ. ಕಡಿದ ಕೋಣನ ಮುಂಗಾಲನ್ನು ಅದರ ಬಾಯಿಗೇ ತುರುಕಿ, ತಲೆಯ ಮೇಲೆ ದೀಪ ಇಡುವ ಪದ್ಧತಿಯನ್ನೂ ವೈಟ್‌ಹೆಡ್ ದಾಖಲಿಸಿದ್ದಾನೆ.

ಹುಚ್ಚಿನ ಕಥೆಯಾಗಿ ಇದನ್ನು ಓದಿ ನೋಡಿ. ಸೊಸೆಯ ರೌದ್ರಕ್ಕೆ ಗುಡಿ ಸಿಕ್ಕಿತು, ಹಬ್ಬ ಸಿಕ್ಕಿತು. ಮೋಸ ಹೋದ ಹೆಣ್ಣಿನ ಸಿಟ್ಟು ಅದು, ಅದನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ಗಂಡನಿಗೆ ಶಿಕ್ಷೆ ಸಿಕ್ಕಿತು. ಆ ಶಿಕ್ಷೆಯನ್ನು ಪ್ರತಿ ಜಾತ್ರೆಯಲ್ಲೂ ಮತ್ತೆ ಮತ್ತೆ ಆಡಿಸುವಾಗ ಕೋಣನ ಹಿಂದೆ ನಿಂತವರು, ತಮಟೆ ಬಡಿದವರು, ಆಸಾದಿ ಪದ ಹಾಡಿದವರು ಎಲ್ಲ ಆ ಗಂಡನ ಕುಲದವರೇ. ಇಷ್ಟನ್ನು ನಮ್ಮ ವಿಮರ್ಶೆ ಈಗಾಗಲೇ ಗುರುತಿಸಿದೆ. ಸಿದ್ಧಲಿಂಗಯ್ಯನವರಂಥವರು ಗ್ರಾಮದೇವತೆಗಳ ಬಗ್ಗೆ ದುಡಿದಿದ್ದಾರೆ. ನನ್ನ ಕಣ್ಣು ಹೋಗುವುದು ಆ ಮುದುಕಿಯ ಕಡೆ. ಊಟ ರುಚಿಯಾಗಿದೆ ಅಂತ ತನ್ನ ನಾಲಗೆಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ರುಚಿಯ ಹೆಸರು ಹೇಳಿದಳು. ಸೊಸೆಯ ಕೈಗುಣವನ್ನು ಹೊಗಳಿದ್ದು ಅದು. ಆ ಒಂದು ಮಾತಿಗೆ ಅವಳು ಮಗನನ್ನು ಕಳೆದುಕೊಂಡಳು, ಮೊಮ್ಮಕ್ಕಳನ್ನೂ ಕಳೆದುಕೊಂಡಳು. ಬುದ್ಧಿ ಕೆಡಲು ಕಾರಣವಿದ್ದ ಹೆಂಗಸು ಯಾರಾದರೂ ಈ ಕಥೆಯಲ್ಲಿದ್ದರೆ ಅವಳೇ. ಕಥೆ ಮಾತ್ರ ಅವಳನ್ನು ಅಲ್ಲಿಗೇ ಬಿಟ್ಟುಬಿಡುತ್ತದೆ.

ಅವಳೇನಾದಳು ಅಂತ ಪದ ಹೇಳುವ ಮುದುಕರೊಬ್ಬರನ್ನು ಕೇಳಿದ್ದೆ. “ಕತೇಲಿ ಇಲ್ಲ ಕಣಮ್ಮ” ಅಂದರು. ಸ್ವಲ್ಪ ಹೊತ್ತು ಎಲೆಅಡಿಕೆ ಜಗಿದು, “ಕೂಲಿಗೆ ವೋಗಿರ್ತಾಳೆ ಬಿಡು” ಅಂದರು.

ದೇವನೂರ ಮಹಾದೇವರ ‘ಒಡಲಾಳ’ ಬಂದದ್ದು 1980ರ ಆಚೀಚೆ. ಆ ನೀಳ್ಗತೆಯ ಸಾಕವ್ವನನ್ನು ಓದುವಾಗೆಲ್ಲ ನನಗೆ ಮಾರಿಯ ಅತ್ತೆ ಕೊನೆಗೂ ಕಥೆಯೊಳಕ್ಕೆ ಬಂದು ಕೂತಳು ಅನ್ನಿಸುತ್ತದೆ. ಕಳೆದುಹೋದ ಹುಂಜಕ್ಕಾಗಿ ಆ ಮುದುಕಿ ಊರೆಲ್ಲ ಅಲೆಯುತ್ತಾಳೆ, ಸಿಕ್ಕಸಿಕ್ಕವರನ್ನು ಕೇಳುತ್ತಾಳೆ, ಶಪಿಸುತ್ತಾಳೆ, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾಳೆ. ಮಹಡಿಯ ಮನೆಯಿಂದ ನೋಡಿದವರಿಗೆ ಇದು ಹುಚ್ಚಲ್ಲದೆ ಮತ್ತೇನು? ಒಂದು ಹುಂಜಕ್ಕಾಗಿ ಇಷ್ಟೊಂದಾ? ಆದರೆ ಕಥೆ ಅವಳನ್ನು ಹೊರಗಿನಿಂದ ನೋಡುವುದಿಲ್ಲ. ಆ ಹುಂಜದಲ್ಲಿ ಅವಳು ಏನೇನು ಕಟ್ಟಿಕೊಂಡಿದ್ದಳು ಅಂತ ನಮಗೆ ಅವಳ ಮಾತಿನಲ್ಲೇ ಗೊತ್ತಾಗುತ್ತದೆ. ಅವಳ ಸಂಕಟಕ್ಕೆ ಹೆಸರಿಡಲು ಒಬ್ಬ ಡಾಕ್ಟರು, ಮರುಗಲು ಒಬ್ಬ ಓದಿದ ಅತಿಥಿ ಅಲ್ಲಿ ಇಲ್ಲ. ಆ ಕಥೆಯಲ್ಲಿ ಯಾರೂ ಹುಚ್ಚರಾಗುವುದಿಲ್ಲ. ಕದ್ದು ತಂದ ಮೂಟೆ ಕಡಲೆಕಾಯಿಯನ್ನು ಇಡೀ ಮನೆ ರಾತ್ರಿಯೆಲ್ಲ ಬೆಂಕಿಯ ಸುತ್ತ ಕೂತು ತಿಂದು ಮುಗಿಸುತ್ತದೆ. ಚಳ್ಳಕೆರೆಯ ಮಿಲ್ಲುಗಳ ಮುಂದೆ ಶೇಂಗಾ ಬಿಡಿಸಿ ಉಗುರು ಸವೆಸಿಕೊಂಡವರಿಗೆ ಆ ರಾತ್ರಿ ಏನು ಅಂತ ಅಡಿಟಿಪ್ಪಣಿ ಬೇಕಾಗುವುದಿಲ್ಲ.

ಅದೇ ಮನೆಯಲ್ಲಿ ಪುಟಗೌರಿ ಇದ್ದಾಳೆ. ಅವಳು ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಗಿಲ್ಮನ್‌ಳ ಕಥೆಯನ್ನೂ ಇದನ್ನೂ ಒಂದೇ ವಾರ ಪಾಠ ಮಾಡಿದಾಗ ನಾನು ಹುಡುಗ ಹುಡುಗಿಯರಿಗೆ ಈ ಎರಡು ಗೋಡೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಹೇಳಿದೆ. ಒಂದು ಗೋಡೆಗೆ ಯಾರೋ ಅಂಟಿಸಿದ ಕಾಗದವಿತ್ತು, ಅವಳು ಅದನ್ನು ಹರಿದಳು. ಇನ್ನೊಂದು ಗೋಡೆಗೆ ಏನೂ ಇರಲಿಲ್ಲ, ಇವಳು ಬರೆದಳು. ಪುಟಗೌರಿಯನ್ನು ಯಾರೂ ಕೋಣೆಗೆ ಕೂಡಿಲ್ಲ ಎನ್ನುವುದು ಸ್ವಾತಂತ್ರ್ಯ ಆಗುವುದಿಲ್ಲ, ಪೊಲೀಸರು ಆ ಮನೆಗೆ ನುಗ್ಗಬಲ್ಲರು, ನುಗ್ಗುತ್ತಾರೆ. ಮೊದಲು ಮೇರಿಯ ಬಗ್ಗೆ ಕೇಳಿದ್ದ ಹುಡುಗಿ ಅವತ್ತೂ ಇದ್ದಳು. ಅವಳು ಬರೆದುಕೊಟ್ಟ ಉತ್ತರದಲ್ಲಿ ಸಿದ್ಧಾಂತ ಏನೂ ಇರಲಿಲ್ಲ. ಮೇರಿಯ ಕಡೆಯಿಂದ ಆ ಹಳದಿ ಮನೆಯ ಕಥೆಯನ್ನು ಒಂದೂವರೆ ಪುಟದಲ್ಲಿ ಬರೆದಿದ್ದಳು. ಬೆಳಗ್ಗೆ ಎದ್ದು ಕೂಸಿಗೆ ಹಾಲು ಕಾಯಿಸುವುದರಿಂದ ಅದು ಶುರುವಾಗುತ್ತದೆ. ಮಹಡಿಯಲ್ಲಿ ಏನೋ ಹರಿಯುವ ಸದ್ದು ಕೇಳುತ್ತದೆ. ಮೇರಿ ಹತ್ತಿ ನೋಡಲು ಹೋಗುವುದಿಲ್ಲ, ಏಕೆಂದರೆ ಕೂಸು ಆಗ ತಾನೇ ನಿದ್ದೆ ಹೋಗಿರುತ್ತದೆ.